ನೆರೆ ಇಳಿದ ಮೇಲೆ ಹಡ್ಲಿನ ನೀರು ಪರೀಕ್ಷಿಸುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಹಡ್ಲುಗಳಲ್ಲಿ, ಅಂದರೆ ಗುಡ್ಡಗಳ ನಡುವಿನ ತಗ್ಗಿನ ಜೌಗು ಗದ್ದೆಗಳಲ್ಲಿ, ಈಗ ಭತ್ತ ಕಡಿಮೆ. ಬಸಿಗಾಲುವೆ ತೆಗೆದು, ಜೌಗು ಒಣಗಿಸಿ ಶುಂಠಿ, ಅಡಿಕೆ ಹಾಕಿದ್ದೇವೆ. 2019ರ ಆಗಸ್ಟ್‌ನಂಥ ಆಶ್ಲೇಷ ಮಳೆ ಸುರಿದರೆ ಹಳ್ಳ ಉಕ್ಕಿ ಅದೇ ಹಡ್ಲು ಮತ್ತೆ ಕೆರೆಯಾಗುತ್ತದೆ. ನೆರೆಯ ದಿನದ ಕೆಂಪು ನೀರಿಗೆ ಎಲ್ಲರೂ ಹೆದರುತ್ತಾರೆ. ಅದು ನಾಲ್ಕಾರು ದಿನ ನಿಂತು ಕಪ್ಪಾದಾಗ ಯಾರೂ ನೋಡುವುದಿಲ್ಲ. ಹೆಚ್ಚು ಎಚ್ಚರ ಬೇಕಾದ್ದು ಆಗಲೇ.

ಕಾರಣ ಮಣ್ಣಿನಲ್ಲೇ ಇದೆ. ಜೌಗಿನ ಮಣ್ಣಲ್ಲಿ ಅರೆಬರೆ ಕೊಳೆತ ಎಲೆ, ಬೇರು ಜಾಸ್ತಿ. ಅದರ ಮೇಲೆ ನೀರು ನಿಂತಾಗ ಸೂಕ್ಷ್ಮಜೀವಿಗಳು ಮೊದಲು ನೀರಿನ ಆಮ್ಲಜನಕ ಮುಗಿಸುತ್ತವೆ, ಆಮೇಲೆ ನೈಟ್ರೇಟ್, ನಂತರ ಮಣ್ಣಿನ ಕಬ್ಬಿಣಕ್ಕೆ ಕೈ ಹಾಕುತ್ತವೆ. ಕಬ್ಬಿಣ ಕರಗಿದರೆ ಅದಕ್ಕೆ ಅಂಟಿಕೊಂಡಿದ್ದ ಗೊಬ್ಬರದ ರಂಜಕವೂ ಬಿಡುಗಡೆಯಾಗುತ್ತದೆ. ಕೊನೆಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಮೊದಲು ಬಾವಿ. ಹಡ್ಲಿನ ಅಂಚಿನ ಬಾವಿಗೆ ನೆರೆ ನುಗ್ಗಿದ್ದರೆ ಆ ನೀರನ್ನು ಸದ್ಯಕ್ಕೆ ಕುಡಿಯಬೇಡಿ. ಸುತ್ತಲಿನ ಮಣ್ಣು ನೆನೆದಿರುವಾಗ ಪಂಪ್ ಹಚ್ಚಿ ಬಾವಿ ಪೂರ್ತಿ ಬರಿದು ಮಾಡಲೂ ಬೇಡಿ, ಗೋಡೆ ಕುಸಿದೀತು. ನೀರು ತಿಳಿಯಾಗುವವರೆಗೆ ಕಾಯಿರಿ. ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಸುಮಾರು 9,400 ಲೀಟರ್ ನೀರಿದೆ ಎಂದರ್ಥ. ತಿಳಿ ನೀರಿಗೆ 1,000 ಲೀಟರಿಗೆ 2.5 ಗ್ರಾಂನಂತೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು, ಅಂದರೆ ಇಲ್ಲಿ 24 ಗ್ರಾಂ. ನೆರೆ ಕಂಡ ಬಾವಿಗೆ ಇದು ಸಾಲದಿರಬಹುದು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ಮಾತ್ರ ಬಾವಿಗೆ ಬಿಟ್ಟು ಕಲಕಿ. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿದಿಲ್ಲವೆಂದರೆ ಮತ್ತೆ ಹಾಕಬೇಕು. ಪರೀಕ್ಷೆಯ ಫಲಿತಾಂಶ ಬರುವವರೆಗೆ ಕುದಿಸಿಯೇ ಕುಡಿಯಿರಿ.

ಆಮೇಲೆ ಹಡ್ಲು. ಗಂಬೂಟು ಹಾಕದೆ ಇಳಿಯಬೇಡಿ. ಕಾಲಿನಲ್ಲಿ ಗಾಯವಿದ್ದರಂತೂ ಇಲಿ ಜ್ವರದ ಭಯ ನಿಜವಾದದ್ದು. ನೀರಿನ ಮೇಲೆ ಎಣ್ಣೆಯಂಥ ಪೊರೆ ಕಂಡರೆ ಕೋಲಿನಿಂದ ತಿವಿಯಿರಿ. ಚೂರುಚೂರಾಗಿ ಒಡೆದು ಹಾಗೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ. ಮತ್ತೆ ಕೂಡಿಕೊಂಡರೆ ಡೀಸೆಲ್ಲೋ ಎಣ್ಣೆಯೋ ಸೇರಿದೆ. ಒಂದು ಪಾರದರ್ಶಕ ಬಾಟಲಿಯನ್ನು ನೀರಿನೊಳಗೇ ತುಂಬಿಸಿ, ಮುಚ್ಚಳ ತೆಗೆದು ಮನೆಯಲ್ಲಿಡಿ. ತಿಳಿಯಾಗಿದ್ದ ನೀರು ಕೆಲವು ಗಂಟೆಗಳಲ್ಲಿ ಕೆಂಪು ತಿರುಗಿದರೆ ಕರಗಿದ ಕಬ್ಬಿಣವಿದೆ. ಬೆಳಗಿನ ಜಾವ ಬಸಿಗಾಲುವೆಯ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಸಾಲದು. ಆ ಹೊತ್ತಿನಲ್ಲೇ ಅದು ಅತಿ ಕಡಿಮೆ ಇರುವುದು, ಹಾಗಾಗಿ ಮಧ್ಯಾಹ್ನ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ.

ಗೊಬ್ಬರ, ಔಷಧಿ ಕಣ್ಣಿಗೆ ಕಾಣುವುದಿಲ್ಲ. ಪಿಎಚ್, ನೈಟ್ರೇಟ್, ಕಬ್ಬಿಣ ನೋಡುವ ಕಿಟ್ ಗ್ರಾಮ ಪಂಚಾಯಿತಿಯಲ್ಲಿ ಇರುತ್ತದೆ, ಕೇಳಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕೋಲಿಫಾರ್ಮ್ (ನೀರಿಗೆ ಮಲ ಸೇರಿರಬಹುದೆಂದು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಪ್ರಯೋಗಾಲಯದಿಂದಲೇ ಶುದ್ಧ ಬಾಟಲಿ ತಂದು, ಐಸ್‌ನಲ್ಲಿಟ್ಟು ಅದೇ ದಿನ ತಲುಪಿಸಿ. ಶುಂಠಿಗೆ ಏನು ಸಿಂಪಡಿಸಿದ್ದಿರಿ, ಯಾವಾಗ ಎನ್ನುವುದನ್ನೂ ಚೀಟಿಯಲ್ಲಿ ಬರೆಯಿರಿ. ಕೀಟನಾಶಕದ ಪರೀಕ್ಷೆಯೇ ಬೇರೆ. ಹೆಸರು ಗೊತ್ತಿಲ್ಲದೆ ಸುಮ್ನೆ ಹುಡುಕಿದರೆ ಪ್ರಯೋಜನವಿಲ್ಲ.

ನೀರು ಬಿಡುವಾಗ ನನ್ನದೊಂದು ಕಳಕಳಿಯ ಮಾತು. ಶುಂಠಿಗೆ ನೀರು ನಿಂತರೆ ಕೊಳೆ ರೋಗ, ಹಾಗಾಗಿ ರೈತರಿಗೆ ಅವಸರ ಇರುತ್ತದೆ. ಆದರೂ ಕಪ್ಪಾದ ನೀರನ್ನು ಒಮ್ಮೆಲೇ ಹಳ್ಳಕ್ಕೆ ನುಗ್ಗಿಸಬೇಡಿ. ಕೆಳಗಿನ ಮೀನು ಸಾಯುತ್ತವೆ, ದನ ಅದನ್ನೇ ಕುಡಿಯುತ್ತದೆ. ಆ ಹಳ್ಳ ಹೇಮಾವತಿಗೋ ಭದ್ರಾಗೋ ಸೇರುವಂಥದ್ದು. ಕಾಲುವೆಯ ಬಾಯಿಗೆ ಮರಳು ಚೀಲವಿಟ್ಟು ಸ್ವಲ್ಪಸ್ವಲ್ಪ ಬಿಡಿ. ಕಲ್ಲಿನ ಮೇಲೆ ಬಿದ್ದು ಹರಿದರೆ ನೀರಿಗೆ ಗಾಳಿ ಸೇರುತ್ತದೆ. ಕೆಳಗಿನ ಮನೆಯವರಿಗೆ ಹಿಂದಿನ ದಿನವೇ ತಿಳಿಸಿ.

ಮಣ್ಣು ಆರುವವರೆಗೆ ಯೂರಿಯಾ ಹಾಕಬೇಡಿ, ಹಾಕಿದ್ದು ಬೆಳೆಗೆ ದಕ್ಕುವುದಿಲ್ಲ. ಬಾವಿ ನೀರನ್ನು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟ ಹಡ್ಲಿನ ನೈಟ್ರೇಟ್ ಮುಂದಿನ ವರ್ಷದ ಮೊದಲ ಮಳೆಗೆ ತೊಳೆದು ಬರುತ್ತದೆ, ಆಗಲೂ ಒಮ್ಮೆ ಮಾಡಿಸಿ.