ಪಾಯದ ಮಣ್ಣಿನಲ್ಲೇ ಗೋಡೆ ಕಟ್ಟಿದೆವು

ವಿದ್ಯಾರಣ್ಯಪುರದ 30-40 ಸೈಟಿನಲ್ಲಿ ಪಾಯ, ಸಂಪು ತೋಡಿದಾಗ ಕೆಂಪು ಮಣ್ಣು ರಾಶಿ ಬಿತ್ತು. ಲಾರಿ ಕರೆಸಿ ಸಾಗಿಸೋಣ ಎಂದರು ಮೇಸ್ತ್ರಿ. ನಾನು ಬೇಡ ಎಂದೆ. ಅದೇ ಮಣ್ಣಿನಲ್ಲಿ ಗೋಡೆ ಎಬ್ಬಿಸುವ ಆಸೆ ನನಗೆ ಬಹಳ ದಿನದಿಂದ ಇತ್ತು.

ವಾಸ್ತುಶಿಲ್ಪ ವಿಮರ್ಶಕ ಕೆನೆತ್ ಫ್ರಾಂಪ್ಟನ್ 1983ರಲ್ಲಿ ಬರೆದ ‘ಕ್ರಿಟಿಕಲ್ ರೀಜನಲಿಸಂ’ ಲೇಖನವನ್ನು ಕಾಲೇಜಿನಲ್ಲಿ ಓದಿದ್ದೆ. ಕಟ್ಟಡ ತಾನಿರುವ ಜಾಗದ ಇಳಿಜಾರು, ಬೆಳಕು, ಹವೆಗೆ ಒಗ್ಗಬೇಕು ಅನ್ನೋದು ಅದರ ತಿರುಳು. ಹಾಗಂತ ಹಳೇ ಮನೆಯ ನಕಲು ಮಾಡಬೇಕು ಅಂತಲ್ಲ. ಇದು ನನಗೆ ನಿಜಕ್ಕೂ ಅರ್ಥವಾದದ್ದು ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಓಡಾಡಿದಾಗ. ಅದನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಬಿ.ವಿ. ದೋಶಿ ಅಲ್ಲಿ ಗ್ರಾನೈಟ್ ಗೋಡೆಗೆ ಗಾರೆ ಬಳಿಯದೆ ಹಾಗೇ ಬಿಟ್ಟಿದ್ದಾರೆ. ಉದ್ದನೆಯ ಕಾರಿಡಾರಿನಲ್ಲಿ ನಡೆದರೆ ಒಂದು ಕಡೆ ಸೂರು, ಇನ್ನೊಂದು ಕಡೆ ಆಕಾಶ. ಬೆಂಗಳೂರಿನ ಹವೆಗೆ ಇಷ್ಟೇ ಸಾಕಲ್ವಾ!

ಮೊದಲು ಮಣ್ಣಿನ ಪರೀಕ್ಷೆ. ಗಾಜಿನ ಬಾಟಲಿಗೆ ಮೂರರಲ್ಲೊಂದು ಪಾಲು ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಟ್ಟೆ. ಮರಳು ಆಗಲೇ ತಳ ಸೇರಿತು. ಜೇಡಿ ಮಾತ್ರ ಮರುದಿನದವರೆಗೂ ಇಳಿಯುತ್ತಲೇ ಇತ್ತು. ಅದರ ಪದರ ಜಾಸ್ತಿ ದಪ್ಪ. ಕಂಡೂ ಅವಸರ ಮಾಡಿದೆ. ಮೊದಲ ದಿನ ಒತ್ತಿದ ಮಣ್ಣಿನ ಬ್ಲಾಕುಗಳು ಒಣಗುವಾಗ ಕೂದಲೆಳೆಯಂಥ ಬಿರುಕು ಬಿಟ್ಟವು. ಅಷ್ಟನ್ನೂ ಪುಡಿ ಮಾಡಿಸಬೇಕಾಯಿತು. ಆಮೇಲೆ ಮಣ್ಣು ಜರಡಿ ಹಿಡಿದು, ಕ್ರಷರ್‌ನ ಕಲ್ಲುಪುಡಿ ಬೆರೆಸಿ, ನೂರಕ್ಕೆ 7 ಪಾಲು ಸಿಮೆಂಟ್ ಹಾಕಿ ಕೈಯಂತ್ರದಲ್ಲಿ ಒತ್ತಿಸಿದೆವು. 21 ದಿನ ಗೋಣಿಚೀಲ ಹೊದಿಸಿ ನೀರು ಹಾಯಿಸಿದೆವು. ಇಟ್ಟಿಗೆಯಂತೆ ಸುಡುವ ಮಾತೇ ಇಲ್ಲ, ಸೌದೆಯೂ ಬೇಡ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಈ ಬ್ಲಾಕಿನ ಮೇಲೆ ಎಷ್ಟೊಂದು ಕೆಲಸ ಮಾಡಿದೆ. ಊರಲ್ಲೇ ಇರುವ ಈ ವಿದ್ಯೆಯನ್ನು ನಾವು ಇನ್ನೂ ಜಾಸ್ತಿ ಬಳಸಬೇಕು.

ಮನೆಯ ಅಜ್ಜಿಗೆ ಒಂದೇ ಭಯ. “ಮಳೆ ಬಂದ್ರೆ ಗೋಡೆ ಕರಗಲ್ವೇನಪ್ಪಾ?” ವಾದ ಮಾಡಲಿಲ್ಲ. ಒಂದು ಬ್ಲಾಕನ್ನು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಗ್ಗೆ ಎತ್ತಿ ಕಟ್ಟೆಯ ಮೇಲಿಟ್ಟೆ. ಅಜ್ಜಿ ಅದರ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು. ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ನೀರು ತಿಳಿಯಾಗೇ ಇತ್ತು. “ಸರಿ, ಕಟ್ಟು” ಎಂದರು.

ಆದರೂ ಸಜ್ಜಾವನ್ನು ಎರಡಡಿ ಮುಂದಕ್ಕೆ ತಂದೆ. ನೆಲದಿಂದ ಒಂದೂವರೆ ಅಡಿವರೆಗೆ ಕಲ್ಲು ಕಟ್ಟಿಸಿದೆ. ಮಳೆ ನೀರು ಸಿಡಿಯುವುದು ಅಲ್ಲೇ. ಹೊರಗೋಡೆಗೆ ಗಾರೆ ಇಲ್ಲ, ಬಣ್ಣವೂ ಇಲ್ಲ.

ಮೊನ್ನೆ ಮೇಸ್ತ್ರಿ ಬೇರೆ ಸೈಟಿನಿಂದ ಫೋನ್ ಮಾಡಿದ್ದರು. “ಸಾರ್, ಬಾಟಲಿ ಕುಲುಕಿ ಇಟ್ಟಿದ್ದೀನಿ. ನಾಳೆ ಬಂದು ನೋಡ್ತೀರಾ?”