ಹಳೇ ಎಂಜಿನ್‌ಗೆ ಆಲ್ಕೋ ಸದ್ದು: ಮೊಬೈಲ್ ರಿಂಗರ್‌ನಲ್ಲೇ ಬಂತು

ಮಾಡೆಲ್ ರೈಲಿನಲ್ಲಿ ಆಲ್ಕೋ (ಅಮೆರಿಕದ ಕಂಪನಿ ವಿನ್ಯಾಸದ ಡೀಸೆಲ್ ಎಂಜಿನ್) ಸದ್ದು ಸರಿಯಾಗಿ ಬರಬೇಕಾದರೆ ಹೊರದೇಶದ ಪುಟ್ಟ ಶುಗರ್‌ಕ್ಯೂಬ್ ಸ್ಪೀಕರೇ ಬೇಕು, ಹಳಿಯ ಮೂಲಕ ಎಂಜಿನ್‌ಗೆ ಡಿಜಿಟಲ್ ಆದೇಶ ಕಳಿಸುವ ರೆಡಿಮೇಡ್ ಡಿಸಿಸಿ ಸ್ಟೇಷನ್ನೇ ಬೇಕು ಅಂತ ಬೆಂಗಳೂರಿನ ಗೆಳೆಯರು ಹೇಳುತ್ತಲೇ ಇದ್ದರು. ಆರ್ಡುಯಿನೊ ಸರ್ಕ್ಯೂಟ್ ಬೋರ್ಡ್ ನಂಬಿಕೊಂಡರೆ, ಎಂಜಿನ್ ಓಡಿಸಿ ಸದ್ದು ಮಾಡಿಸುವ ಹತ್ತು ಸಾವಿರದ ಡಿಕೋಡರ್ ಸುಟ್ಟು ಹೋಗುತ್ತೆ ಅಂತ ಒಬ್ಬರು ಹೆದರಿಸಿದ್ದರು ಕೂಡ. ಈಗ ದಾವಣಗೆರೆಯ ನಮ್ಮ ಮನೆ ಮಹಡಿಯಲ್ಲಿ ನಾಲ್ಕು ಹಳೇ ಎಂಜಿನ್ ಸದ್ದು ಮಾಡುತ್ತಾ ಓಡುತ್ತಿವೆ. ನಾಲ್ಕರಲ್ಲೂ ಇರುವುದು ಪಿ.ಬಿ. ರಸ್ತೆಯ ಮೊಬೈಲ್ ರಿಪೇರಿ ಅಂಗಡಿಯಿಂದ ತಂದ ರಿಂಗರ್, ಅಂದರೆ ಫೋನಿನ ಪುಟ್ಟ ಸ್ಪೀಕರ್. ಅದೇ ಗೆಳೆಯರು ಮೊನ್ನೆ ಬಂದು ಕೇಳಿ, ರಿಂಗರ್ ಯಾವ ಅಂಗಡಿಯದ್ದು ಅಂತ ವಿಚಾರಿಸಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೂಡಿಡುವುದು ಆಲ್ಕೋ ಮಾತ್ರ. ನಮ್ಮ ಲೈನಿನಲ್ಲಿ ಮೀಟರ್‌ಗೇಜ್ ಇದ್ದಾಗ ವೈಡಿಎಂ-4, ಬ್ರಾಡ್‌ಗೇಜ್ ಆದ ಮೇಲೆ ಡಬ್ಲ್ಯುಡಿಎಂ-2. ಎರಡೂ ಆಲ್ಕೋ. ಈಗ ಕರೆಂಟ್ ತಂತಿ ಬಂದು ವಂದೇ ಭಾರತ್ ಓಡುತ್ತಿದೆ. ಆ ಸದ್ದು ಬೇಕು ಅಂದರೆ ನಾವೇ ಮಾಡಿಕೊಳ್ಳಬೇಕು. ಇಂಡಿಯನ್ ಸೌಂಡ್ ಫೈಲ್ ಹುಡುಕುತ್ತಾ ಕೂರಬೇಡಿ. ಡಬ್ಲ್ಯುಡಿಎಂ-2 ಒಳಗಿರುವುದು 16 ಸಿಲಿಂಡರಿನ ಆಲ್ಕೋ 251, 2600 ಅಶ್ವಶಕ್ತಿ. ಅಮೆರಿಕದ ಸಿ-628 ಅನ್ನುವ ರೈಲು ಎಂಜಿನ್ನಿನಲ್ಲೂ ಅದೇ ಜಾತಿಯ ಎಂಜಿನ್. ಡಿಕೋಡರ್ ಮಾಡುವ ಜರ್ಮನ್ ಕಂಪನಿ ಇಎಸ್‌ಯು ಕೊಡುವ 251 ಫೈಲನ್ನು ಹಾಗೇ ಹಾಕಿ, ಹಾರ್ನ್ ಮಾತ್ರ ಬದಲಿಸಿದರೆ ಸಾಕು.

ದುಡ್ಡಿನ ಮಾತು ಮೊದಲು. ಸದ್ದಿನ ಸಮೇತ ಹೊಸ ಎಂಜಿನ್ ತರಿಸಿದರೆ ಇಪ್ಪತ್ತೈದು, ಮೂವತ್ತು ಸಾವಿರ. ಕಸ್ಟಮ್ಸ್ ಬೇರೆ. ನನಗೆ ಒಂದೊಂದಕ್ಕೆ ಬಿದ್ದಿದ್ದು ಹದಿನೇಳು ಸಾವಿರದ ಆಚೀಚೆ. ಸೆಕೆಂಡ್ ಹ್ಯಾಂಡ್ ಅಥರ್ನ್ ಕಂಪನಿಯ ಬ್ಲೂ ಬಾಕ್ಸ್ ಆರು ಆಕ್ಸಲ್ ಚಾಸಿಗೆ ನಾಲ್ಕೂವರೆ, ಇಎಸ್‌ಯುನ ಲೋಕ್‌ಸೌಂಡ್ 5 ಡಿಕೋಡರ್‌ಗೆ ಹತ್ತು ಹತ್ತೂವರೆ, ಉಳಿದದ್ದು 3ಡಿ ಪ್ರಿಂಟ್ ಬಾಡಿ ಮತ್ತು ಬಣ್ಣಕ್ಕೆ. ರಿಂಗರ್‌ಗೆ ಮೂವತ್ತು ರೂಪಾಯಿ! ಮಧ್ಯೆ ಒಂದು ಸೆಕೆಂಡ್ ಹ್ಯಾಂಡ್ ಡಿಕೋಡರ್ ಸತ್ತೇ ಬಂತು. ಮಾರಿದವರು ಫೋನ್ ಎತ್ತಲಿಲ್ಲ. ಆ ಆರು ಸಾವಿರ ಹೋಯಿತು. ಡಬ್ಲ್ಯುಡಿಎಂ-2 ಬೋಗಿ (ಚಕ್ರ ಕೂರುವ ಚೌಕಟ್ಟು) ಹಾಗಿರಲ್ಲ ಅಂತ ಚಾಸಿ ನೋಡಿ ಹೇಳುವವರಿದ್ದಾರೆ. ನಿಜ, ಆದರೆ ನನಗೆ ಸದ್ದು ಮುಖ್ಯ.

ಬ್ಲೂ ಬಾಕ್ಸ್ ಮೋಟರಿನ ಕೆಳಗಿನ ಬ್ರಷ್ ಕ್ಲಿಪ್ ಚಾಸಿಗೆ ತಾಗುತ್ತದೆ, ಅದನ್ನು ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯಗೊಡದ ಟೇಪ್) ಹಾಕಿ ಬೇರ್ಪಡಿಸದೆ ಡಿಕೋಡರ್ ಮುಟ್ಟಬಾರದು ಅಂತ ನಿಮಗೆ ಗೊತ್ತೇ ಇದೆ. ನಾನು ಸೇರಿಸುವುದು ಎರಡು ಮಾತು. ಮೋಟರನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ ಕರೆಂಟ್ ಅಳೆಯಿರಿ. ಡಿಕೋಡರ್ ತಡೆಯುವ ಮಿತಿ ದಾಟುತ್ತಿದ್ದರೆ ಆ ಮೋಟರ್ ಬಳಸಬೇಡಿ. ಹಳೇ ಗ್ರೀಸನ್ನೂ ತೆಗೆಯಿರಿ. ಆಮೇಲೆ ಹಳೇ ಕಬ್ಬಿಣದ ಚಕ್ರ ಕಿತ್ತು ನಿಕ್ಕಲ್ ಸಿಲ್ವರ್ ಚಕ್ರ ಹಾಕಿ. ನಮ್ಮೂರಿನ ಬೇಸಿಗೆ ದೂಳಿಗೆ ಕಬ್ಬಿಣದ ಚಕ್ರ ಎರಡೇ ದಿನದಲ್ಲಿ ಕಪ್ಪಾಗಿ ಸದ್ದು ತುಂಡು ತುಂಡಾಗುತ್ತದೆ.

ಇನ್ನು ರಿಂಗರ್. ನಾನು ಬೊಗಸೆ ತುಂಬ ಕೇಳಿದಾಗ ಅಂಗಡಿ ಹುಡುಗ, "ಅಣ್ಣ, ಸತ್ತ ಫೋನಿನ ರಿಂಗರ್ ತಗೊಂಡು ಏನ್ ಮಾಡ್ತೀರಿ?" ಅಂದ. ಅಲ್ಲೇ ಮಲ್ಟಿಮೀಟರ್ ಇಟ್ಟು ಏಳು ಎಂಟು ಓಮ್ ತೋರಿಸಿದವನ್ನು ಮಾತ್ರ ಆರಿಸಿಕೊಂಡೆ. ಲೋಕ್‌ಸೌಂಡ್ 5 ನಾಲ್ಕು ಓಮ್‌ವರೆಗೂ ತಡೆಯುತ್ತದೆ, ಹಾಗಾಗಿ ಎಂಟು ಓಮಿನ ಎರಡನ್ನು ಪ್ಯಾರಲಲ್ ಹಾಕಿದರೂ ತೊಂದರೆ ಇಲ್ಲ. ಬರೀ ರಿಂಗರ್ ಹಾಕಿದರೆ ಸೊಳ್ಳೆ ಗುಯ್‌ಗುಟ್ಟಿದ ಹಾಗೆ ಕೇಳುತ್ತದೆ. ಹಿಂದೆ ಗಾಳಿ ಆಡದ ಡಬ್ಬಿ ಬೇಕೇ ಬೇಕು. ಡಬ್ಬಿಗೆ ಸಿಮ್ ಜೊತೆ ಬರುವ ಪ್ಲಾಸ್ಟಿಕ್ ಕಾರ್ಡ್ ಕತ್ತರಿಸಿದೆ. ದಪ್ಪ ಸರಿಯಾಗಿದೆ, ದುಡ್ಡೂ ಇಲ್ಲ. ಅಂಟಿಸುವುದೇ ಕಷ್ಟದ ಕೆಲಸ. ಫೆವಿಕ್ವಿಕ್ ಆವಿ ರಿಂಗರಿನ ಪೊರೆಯ ಮೇಲೆ ಬಿಳಿಯಾಗಿ ಕೂತು ಅದನ್ನು ಗಡುಸು ಮಾಡಿತು. ಗ್ಲೂ ಗನ್ ಅಂಟು ಎಂಜಿನ್ ಬಿಸಿಗೆ ಮೆತ್ತಗಾಗಿ ಮೂಲೆ ಬಿಟ್ಟಿತು. ಅಷ್ಟರಲ್ಲಿ ಒಂದು ರಾಶಿ ರಿಂಗರ್ ಕಸದ ಬುಟ್ಟಿ ಸೇರಿದ್ದವು. ಕೊನೆಗೆ ಹೊಂದಿದ ಅಂಟು ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ, ಹೆಸರು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಡಬ್ಬಿ ಬಿಗಿಯಾಗಿದೆಯಾ ಅಂತ ನೋಡುವುದು ಸುಲಭ. ಪೊರೆಯನ್ನು ಕಡ್ಡಿ ತುದಿಯಿಂದ ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ಮೇಲೆದ್ದರೆ ಗೆದ್ದಿರಿ. ಟಪ್ಪನೆ ಎದ್ದರೆ ಎಲ್ಲೋ ಸಂದಿ ಇದೆ.

ರಿಂಗರ್ ಒಂದು ವ್ಯಾಟ್ ಆಸುಪಾಸಿನದ್ದು, ಪೂರ್ತಿ ಜೋರು ಕೊಟ್ಟರೆ ಪೊರೆ ಹರಿಯುತ್ತದೆ. ಡಿಕೋಡರಿನ ಸೆಟ್ಟಿಂಗ್‌ಗಳಿಗೆ ಸಿವಿ ಅನ್ನುತ್ತಾರೆ, ಸದ್ದಿನ ಜೋರು ಹೇಳುವ ಸಿವಿ 63ನ್ನು ತೊಂಬತ್ತರ ಹತ್ತಿರ ಇಳಿಸಿ. ಕೋಣೆಗೆ ಅದು ಜಾಸ್ತಿಯೇ. ಐಡಲ್ (ನಿಂತಲ್ಲೇ ಓಡುವ ಸದ್ದು) ಮತ್ತು ನಾಚ್‌ಗಳ (ಥ್ರಾಟಲ್ ಹಂತಗಳ) ಜೋರನ್ನು ಒಂದಕ್ಕೊಂದು ಹೇಗೆ ಹೊಂದಿಸಿದೆ ಅನ್ನುವುದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ. ಬರೆದರೆ ತಿಳಿಯುವಂಥದ್ದಲ್ಲ.

ಸ್ಟೇಷನ್‌ಗೆ ಹಾಕಿದ್ದು ಡಿಸಿಸಿ-ಇಎಕ್ಸ್, ಆರ್ಡುಯಿನೊದಲ್ಲಿ ಓಡುವ ಉಚಿತ ಸಾಫ್ಟ್‌ವೇರ್. ಆರ್ಡುಯಿನೊ ಮೆಗಾ, ಅದರ ಮೇಲೆ ಕೂರುವ ಮೋಟರ್ ಶೀಲ್ಡ್ ಬೋರ್ಡ್, 15 ವೋಲ್ಟ್ ಅಡಾಪ್ಟರ್, ಎಲ್ಲಾ ಸೇರಿ ಎರಡೂವರೆ ಸಾವಿರ ಇರಬಹುದು. ಶೀಲ್ಡಿನ ವಿಐಎನ್ ಜೋಡಣೆ ಕತ್ತರಿಸಲೇಬೇಕು, ಇಲ್ಲದಿದ್ದರೆ 15 ವೋಲ್ಟ್ ಮೆಗಾಗೆ ನುಗ್ಗುತ್ತದೆ. ಶೀಲ್ಡ್ ಎರಡು ವೋಲ್ಟ್ ತಿನ್ನುವುದರಿಂದ ಹಳಿಗೆ ಹದಿಮೂರು ಬರುತ್ತೆ. ಎಚ್‌ಒ ಗಾತ್ರದ (1:87) ಮಾಡೆಲ್‌ಗೆ ಅಷ್ಟು ಸಾಕು. ಒಂದು ಡಿಕೋಡರೂ ಸುಟ್ಟಿಲ್ಲ.

ಹಾರ್ನ್‌ಗಾಗಿ ಅಶೋಕ ಟಾಕೀಸ್ ರೈಲ್ವೆ ಗೇಟ್ ಹತ್ತಿರ ಫೋನ್ ಹಿಡಿದು ನಿಂತೆ. ಹಗಲಲ್ಲಿ ಆಟೋ, ಬೈಕ್ ಹಾರ್ನ್ ಬಿಟ್ಟು ಬೇರೇನೂ ಸಿಗಲಿಲ್ಲ. ಬೆಳಗಿನ ಜಾವ ಒಂದು ಗೂಡ್ಸ್ ಕೊಟ್ಟ ಉದ್ದ ಹಾರ್ನ್ ಚೊಕ್ಕವಾಗಿ ಸಿಕ್ಕಿತು. ಅದನ್ನು ಶುರು, ನಡು, ಕೊನೆ ಅಂತ ಮೂರು ತುಂಡು ಮಾಡಿ ನಡುವಿನದನ್ನು ಲೂಪ್‌ಗೆ ಹಾಕಿದೆ. ಬಟನ್ ಎಷ್ಟು ಹೊತ್ತು ಒತ್ತುತ್ತೀರೋ ಅಷ್ಟು ಹೊತ್ತು ಕೂಗುತ್ತದೆ. ಫೈಲನ್ನು ಡಿಕೋಡರ್‌ಗೆ ತುಂಬಲು ಇಎಸ್‌ಯುನ ಲೋಕ್‌ಪ್ರೋಗ್ರಾಮರ್ ಅನ್ನುವ ಸಾಧನ ಬೇಕು. ಅದು ದುಬಾರಿ, ಹರಿಹರದ ಗೆಳೆಯರೊಬ್ಬರೂ ನಾನೂ ಅರ್ಧರ್ಧ ಹಾಕಿ ತರಿಸಿದೆವು.

ಇದರ ನಡುವೆ, ಹಳಿಯ ಕರೆಂಟ್ ತಪ್ಪಿದಾಗ ಕ್ಷಣಕಾಲ ಕರೆಂಟ್ ಕೊಡುವ ಸೂಪರ್ ಕೆಪಾಸಿಟರ್ ಹುಚ್ಚೂ ಹಿಡಿಯಿತು. 2.7 ವೋಲ್ಟಿನ ಆರು ಸರಣಿಯಲ್ಲಿ, ಜೊತೆಗೆ ನೂರು ಓಮ್ ರೆಸಿಸ್ಟರ್ ಮತ್ತು ಒಂದು ಡಯೋಡ್. ಹಳಿಯ ಮೇಲೆ ಕಾಗದದ ಚೂರು ಇಟ್ಟರೂ ಎಂಜಿನ್ ಸದ್ದು ನಿಲ್ಲಿಸದೆ ದಾಟುತ್ತದೆ. ಆದರೆ ಪ್ರೋಗ್ರಾಮಿಂಗ್ ಹಳಿಯಲ್ಲಿ (ಡಿಕೋಡರ್ ಸೆಟ್ಟಿಂಗ್ ಬದಲಿಸುವ ಹಳಿ) ಸಿವಿ ಓದಲು ಬಿಡಲ್ಲ. ಆಗ ಅದನ್ನು ಆಫ್ ಮಾಡಲು ಪುಟ್ಟ ಸ್ವಿಚ್ ಒಂದನ್ನು ಬಾಡಿ ಕೆಳಗೆ ಇಡಿ.

ಈಗ ಮೇಜಿನ ಮೇಲಿರುವುದು ವೈಡಿಎಂ-4, 12 ಮಿ.ಮೀ. ಹಳಿಗೆ. ಬಾಡಿ ತೆಳ್ಳಗೆ, ಡಿಕೋಡರ್ ಕೂತ ಮೇಲೆ ಜಾಗವೇ ಉಳಿಯಲ್ಲ. ರಿಂಗರನ್ನು ಇಂಧನ ಟ್ಯಾಂಕಿನೊಳಗೆ ಮುಖ ಕೆಳಗೆ ಮಾಡಿ ಕೂರಿಸಬೇಕು. 9 ಮಿ.ಮೀ.ಗಿಂತ ಅಗಲ ಇರಬಾರದು. ಅಂಥ ರಿಂಗರ್ ಯಾವ ಫೋನಿನಲ್ಲಿ ಬರುತ್ತೆ ಅಂತ ಗೊತ್ತಿದ್ದವರು ಹೇಳಿ, ಅಂಟಿನ ಹೆಸರು ನಾನು ಹೇಳುತ್ತೇನೆ.