ಲಸಿಕೆಯಿಂದಲೇ ರೂಪಾಂತರಿ ಹುಟ್ಟುತ್ತದೆಯೇ? ಹಂತ ಹಂತವಾಗಿ ಪರೀಕ್ಷಿಸುವ ಬಗೆ

2021ರ ಮೇ ತಿಂಗಳಲ್ಲಿ, ಡೆಲ್ಟಾ ಅಲೆ ದೇಶವನ್ನು ಹಿಂಡುತ್ತಿದ್ದ ಹೊತ್ತಿಗೆ, ಮೊಬೈಲ್‌ನಿಂದ ಮೊಬೈಲ್‌ಗೆ ಒಂದು ವಿಡಿಯೊ ಹರಿದಾಡಿತು. ಎಚ್‌ಐವಿ ವೈರಸ್ಸನ್ನು ಪತ್ತೆ ಮಾಡಿದ್ದಕ್ಕೆ 2008ರಲ್ಲಿ ನೊಬೆಲ್ ಪಡೆದಿದ್ದ ಫ್ರಾನ್ಸಿನ ವಿಜ್ಞಾನಿ ಲೂಕ್ ಮೊಂಟಾನಿಯೆ ಅದರಲ್ಲಿ, ಕೊರೊನಾದ ಹೊಸ ರೂಪಾಂತರಿಗಳು ಲಸಿಕೆಯಿಂದಲೇ ಹುಟ್ಟುತ್ತಿವೆ ಎಂದಿದ್ದರು. ಲಸಿಕೆ ಪಡೆದವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ ಎಂಬ, ಅವರು ಆಡಿರದ ಮಾತನ್ನೂ ಯಾರೋ ಅದಕ್ಕೆ ಅಂಟಿಸಿದರು. ಅಂಟಿಸಿದ ಮಾತು ಸುಳ್ಳೆಂಬುದನ್ನು ಕಾಲವೇ ತೋರಿಸಿತು. ಅವರೇ ಆಡಿದ ಮಾತು ಮಾತ್ರ ಇನ್ನೂ ಸತ್ತಿಲ್ಲ. ಮಗುವಿಗೆ ದಡಾರದ ಲಸಿಕೆ ಹಾಕಿಸಲು ಹಿಂಜರಿಯುವ ಮನೆಗಳಲ್ಲಿ, ವಯಸ್ಸಾದವರಿಗೆ ಫ್ಲೂ ಲಸಿಕೆ ಬೇಡವೆನ್ನುವವರ ಬಾಯಲ್ಲಿ ಅದು ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತಿದೆ.

ಈ ಮಾತನ್ನು ಒಂದೇ ಏಟಿಗೆ ತಳ್ಳಿಹಾಕುವುದು ತಪ್ಪು. ಅದರೊಳಗೆ ಒಂದು ಸತ್ಯಾಂಶವಿದೆ, ಅದನ್ನು ಹಿಡಿದುಕೊಂಡೇ ಅದು ಬದುಕಿದೆ. ಆ ಸತ್ಯಾಂಶ ಎಷ್ಟು, ಉಳಿದದ್ದು ಎಷ್ಟು ಎಂದು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಪರೀಕ್ಷಿಸಬಹುದು.

ಹಂತ 1: ಪ್ರಶ್ನೆಯನ್ನು ಎರಡಾಗಿ ಒಡೆಯಿರಿ

ರೂಪಾಂತರ ಹುಟ್ಟುವುದು ಒಂದು ಸಂಗತಿ. ಹುಟ್ಟಿದ್ದು ಹರಡಿ ನೆಲೆ ನಿಲ್ಲುವುದು ಇನ್ನೊಂದು. ಎರಡನ್ನೂ ಬೆರೆಸಿದಾಗಲೇ ಗೊಂದಲ ಶುರುವಾಗುತ್ತದೆ.

ಹುಟ್ಟಿನ ವಿಷಯವನ್ನು ಮೊದಲು ನೋಡೋಣ. ಕಾಗದ, ಪೆನ್ನು ತೆಗೆದುಕೊಳ್ಳಿ. ಕೊರೊನಾ ವೈರಸ್ಸಿನ ಆನುವಂಶಿಕ ಬರಹವಾದ ಆರ್‌ಎನ್‌ಎಯಲ್ಲಿ ನಾಲ್ಕೇ ಬಗೆಯ, ಒಟ್ಟು ಸುಮಾರು 30,000 ಅಕ್ಷರಗಳಿವೆ. ಒಂದೊಂದು ಅಕ್ಷರವೂ ಉಳಿದ ಮೂರರಲ್ಲಿ ಯಾವುದಕ್ಕಾದರೂ ಬದಲಾಗಬಹುದು, ಅಂದರೆ ಒಂಟಿ ಅಕ್ಷರದ ಬದಲಾವಣೆಗೆ 90,000 ದಾರಿಗಳಿವೆ. ವೈರಸ್ ತನ್ನನ್ನು ನಕಲು ಮಾಡಿಕೊಳ್ಳುವಾಗ ಸುಮಾರು ಹತ್ತು ಲಕ್ಷ ಅಕ್ಷರಕ್ಕೊಂದು ತಪ್ಪು ಮಾಡುತ್ತದೆ. ಹಾಗಾಗಿ ನೂರು ನಕಲುಗಳಲ್ಲಿ ಮೂರರಲ್ಲಿ ಒಂದೊಂದು ತಪ್ಪು ಸೇರಿಕೊಳ್ಳುತ್ತದೆ. ಸೋಂಕು ಏರಿದ ದಿನಗಳಲ್ಲಿ ಒಬ್ಬರ ದೇಹದಲ್ಲಿ ಕಡಿಮೆಯೆಂದರೂ ನೂರು ಕೋಟಿ ವೈರಸ್ ಕಣಗಳಿರುತ್ತವೆ. ಅದರಲ್ಲಿ ನೂರಕ್ಕೆ ಮೂರೆಂದರೆ ಮೂರು ಕೋಟಿ ತಪ್ಪು ನಕಲುಗಳು. ಅದನ್ನು 90,000ದಿಂದ ಭಾಗಿಸಿ. ಸಾಧ್ಯವಿರುವ ಪ್ರತಿಯೊಂದು ಬದಲಾವಣೆಯೂ ಒಬ್ಬರೇ ರೋಗಿಯ ಮೂಗು, ಗಂಟಲು, ಶ್ವಾಸಕೋಶದಲ್ಲಿ ಸರಾಸರಿ ಮುನ್ನೂರಕ್ಕೂ ಹೆಚ್ಚು ಸಲ ಹುಟ್ಟಿರುತ್ತದೆ.

ಇದು ಸ್ಥೂಲ ಲೆಕ್ಕ. ಆದರೂ ಇದನ್ನು ಮಾಡಿದವರಿಗೆ ಒಂದು ಸಂಗತಿ ಖಚಿತವಾಗುತ್ತದೆ: ರೂಪಾಂತರ ಹುಟ್ಟಲು ಲಸಿಕೆ ಬೇಕಿಲ್ಲ, ವೈರಸ್ಸಿಗೆ ನಕಲಾಗಲು ಜಾಗ ಸಿಕ್ಕರೆ ಸಾಕು. ಹೀಗೆ ಹುಟ್ಟಿದವುಗಳಲ್ಲಿ ಬಹುಪಾಲು ಅಲ್ಲೇ ಅಳಿಯುತ್ತವೆ. ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ದಾಟಿ ಬೇರೂರುವುದು ಬೆರಳೆಣಿಕೆಯಷ್ಟು ಕಣಗಳಿಂದ ಮಾತ್ರ.

ಇನ್ನು ಎರಡನೆಯ ಪ್ರಶ್ನೆ, ಯಾವುದು ಹರಡುತ್ತದೆ ಎಂಬುದು. ಸತ್ಯಾಂಶ ಇರುವುದು ಇಲ್ಲಿ. ಸಮಾಜದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿದಂತೆ ಅದು ಜರಡಿಯಂತೆ ಕೆಲಸ ಮಾಡುತ್ತದೆ. ವೈರಸ್ಸನ್ನು ಹಿಡಿದು ನಿಲ್ಲಿಸಲು ದೇಹ ತಯಾರಿಸುವ ಪ್ರತಿಕಾಯಗಳಿಂದ ನುಣುಚಿಕೊಳ್ಳಬಲ್ಲ ತಳಿಗಳು ಅದರಿಂದ ಸುಲಭವಾಗಿ ದಾಟುತ್ತವೆ. ಲಸಿಕೆಯಿಂದ ಬಂದ ಶಕ್ತಿಯೂ ಇದನ್ನು ಮಾಡುತ್ತದೆ, ಕಾಯಿಲೆ ಬಿದ್ದು ಎದ್ದವರಲ್ಲಿ ಬೆಳೆದ ಶಕ್ತಿಯೂ ಇದನ್ನೇ ಮಾಡುತ್ತದೆ. ಎರಡನೆಯದಕ್ಕೆ ನಾವು ತೆರುವ ಬೆಲೆ ಹೆಚ್ಚು. ಒಬ್ಬೊಬ್ಬರು ಸೋಂಕಿತರಾಗುವಾಗಲೂ ಮೇಲಿನ ಲೆಕ್ಕದ ಮೂರು ಕೋಟಿ ಅವಕಾಶಗಳನ್ನು ವೈರಸ್ಸಿಗೆ ಕೊಟ್ಟೇ ಆ ಶಕ್ತಿಯನ್ನು ಪಡೆಯಬೇಕಾಗುತ್ತದೆ.

ಹಂತ 2: ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ

ಆಲ್ಫಾ ತಳಿಯ ಮೊದಲ ಮಾದರಿಗಳು ಬ್ರಿಟನ್ನಿನಲ್ಲಿ ಸಿಕ್ಕಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಲಸಿಕಾ ಅಭಿಯಾನ ಶುರುವಾದದ್ದು ಅದೇ ವರ್ಷ ಡಿಸೆಂಬರ್ 8ರಂದು. ಬೀಟಾದ ಅತಿ ಹಳೆಯ ಮಾದರಿ ದಕ್ಷಿಣ ಆಫ್ರಿಕಾದಲ್ಲಿ 2020ರ ಮೇ ತಿಂಗಳದ್ದು, ಅಲ್ಲಿ ಲಸಿಕೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಬ್ರೆಜಿಲ್‌ನ ಗ್ಯಾಮಾ 2020ರ ನವೆಂಬರ್‌ನದು, ಲಸಿಕೆ 2021ರ ಜನವರಿಯದು. ನಮ್ಮದೇ ಡೆಲ್ಟಾದ ಮೊದಲ ಮಾದರಿಗಳು 2020ರ ಅಕ್ಟೋಬರ್‌ನವು. ಭಾರತದಲ್ಲಿ ಮೊದಲ ಡೋಸ್ ಹಾಕಿದ್ದು 2021ರ ಜನವರಿ 16ರಂದು. ನಾಲ್ಕೂ ಕಡೆ ತಳಿ ಮೊದಲು ಬಂದಿದೆ, ಲಸಿಕೆ ಆಮೇಲೆ ಬಂದಿದೆ.

ಜಾಣರೊಬ್ಬರು ಇಲ್ಲಿ ಅಡ್ಡಪ್ರಶ್ನೆ ಹಾಕಬಹುದು: ಈ ದೇಶಗಳಲ್ಲೇ ಅಲ್ಲವೇ 2020ರಲ್ಲಿ ಲಸಿಕೆಯ ಪ್ರಯೋಗಗಳು ನಡೆದದ್ದು? ಹೌದು, ನಡೆದವು. ಆದರೆ ಅವುಗಳಲ್ಲಿ ಪಾಲ್ಗೊಂಡವರ ಸಂಖ್ಯೆ ಸಾವಿರಗಳಲ್ಲಿತ್ತು, ಅವರಲ್ಲೂ ದೊಡ್ಡ ಪಾಲಿಗೆ ಹೋಲಿಕೆಗಾಗಿ ಕೊರೊನಾ ಲಸಿಕೆಯಲ್ಲದ ಚುಚ್ಚುಮದ್ದು ಕೊಡಲಾಗಿತ್ತು. 2020ರ ಅಕ್ಟೋಬರ್ ಅಂತ್ಯಕ್ಕೆ ಭಾರತದಲ್ಲಿ ಪರೀಕ್ಷೆಯಿಂದ ಖಚಿತಪಟ್ಟ ಸೋಂಕಿತರೇ 80 ಲಕ್ಷ ದಾಟಿದ್ದರು. ಪರೀಕ್ಷೆಗೆ ಬಾರದವರು ಇನ್ನೆಷ್ಟೋ ಪಟ್ಟು. ವೈರಸ್ಸಿಗೆ ಅವಕಾಶ ಎಲ್ಲಿ ಸಿಕ್ಕಿತೆಂದು ಬೇರೆ ಹೇಳಬೇಕಿಲ್ಲ.

ಓಮಿಕ್ರಾನ್‌ನ ಕಥೆ ಸ್ವಲ್ಪ ಬೇರೆ. 2021ರ ನವೆಂಬರ್‌ನಲ್ಲಿ ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾದ ಪ್ರಯೋಗಾಲಯಗಳು ಅದನ್ನು ಗುರುತಿಸುವ ಹೊತ್ತಿಗೆ ಜಗತ್ತಿನಲ್ಲಿ ಲಸಿಕೆ ಬಂದು ವರ್ಷವಾಗುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಆಗ ಪೂರ್ಣ ಲಸಿಕೆ ಪಡೆದವರು ಜನಸಂಖ್ಯೆಯ ಮೂರನೇ ಒಂದು ಭಾಗವೂ ಇರಲಿಲ್ಲ. ಹಿಂದಿನ ಅಲೆಗಳಲ್ಲಿ ಸೋಂಕಿತರಾದವರು ಅದಕ್ಕಿಂತ ಹೆಚ್ಚಿದ್ದರು. ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಬೆಂಗಳೂರಿನಿಂದಲೇ ವರದಿಯಾದವು. ಸೋಂಕಿತರು ಲಸಿಕೆ ಪಡೆದಿದ್ದರೆಂಬ ಸುದ್ದಿ ಹೊರಬಿದ್ದದ್ದೇ ತಡ, ‘ಲಸಿಕೆಯವರಿಗೇ ಬಂತು ನೋಡಿ’ ಎಂಬ ಮಾತು ಎದ್ದಿತು. ಲಸಿಕೆ ಪಡೆದವರಿಗೂ ತಗುಲಿತು ಎಂಬುದರಿಂದ ಆ ತಳಿ ಪ್ರತಿಕಾಯಗಳಿಂದ ಬಹುಮಟ್ಟಿಗೆ ನುಣುಚಿಕೊಳ್ಳುತ್ತದೆ ಎಂದು ತಿಳಿಯಬಹುದು. ಅದು ಹುಟ್ಟಿದ್ದೆಲ್ಲಿ ಎಂದು ಅದರಿಂದ ತಿಳಿಯುವುದಿಲ್ಲ.

ಹಂತ 3: ಒಂದೇ ದೇಹದಲ್ಲಿ ವೈರಸ್ಸಿಗೆ ಎಷ್ಟು ದಿನ ಸಿಕ್ಕಿತು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಕೇಳುವವರು ಮಾತ್ರ ಕಡಿಮೆ.

2020ರಲ್ಲಿ, ಲಸಿಕೆಗಳಿನ್ನೂ ಬಂದಿರದ ಕಾಲದಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಎಪ್ಪತ್ತು ದಾಟಿದ ರೋಗಿಯೊಬ್ಬರಿದ್ದರು. ರಕ್ತದ ಕ್ಯಾನ್ಸರಿನಿಂದ ಅವರ ರೋಗನಿರೋಧಕ ಶಕ್ತಿ ಕುಸಿದಿತ್ತು. ಕೊರೊನಾ ಸೋಂಕು ಅವರ ದೇಹದಲ್ಲಿ 101 ದಿನ ಉಳಿಯಿತು. ವಿಜ್ಞಾನಿಗಳು 23 ಸಲ ಮಾದರಿ ತೆಗೆದು ವೈರಸ್ಸಿನ ಜೀನೋಮ್, ಅಂದರೆ ಪೂರ್ತಿ ಆನುವಂಶಿಕ ಬರಹ, ಓದಿದರು. ಮೊದಲ 57 ದಿನ, ವೈರಸ್ಸನ್ನು ತಡೆಯುವ ಔಷಧ ರೆಮ್‌ಡೆಸಿವಿರ್ ಕೊಟ್ಟಾಗಲೂ, ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆಮೇಲೆ ಕೊರೊನಾದಿಂದ ಚೇತರಿಸಿಕೊಂಡವರ ರಕ್ತದಿಂದ ತೆಗೆದ, ಪ್ರತಿಕಾಯಗಳಿರುವ ಪ್ಲಾಸ್ಮಾ ಕೊಟ್ಟರು. ಕೂಡಲೇ ಚಿತ್ರ ಬದಲಾಯಿತು: ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೋಟೀನ್‌ನಲ್ಲಿ ಎರಡು ಕೊಂಡಿ (ಅಮೈನೊ ಆಮ್ಲ) ಕಳೆದುಕೊಂಡ, ಇನ್ನೊಂದು ಕಡೆ ಬದಲಾದ ವೈರಸ್ ಮೇಲುಗೈ ಪಡೆಯಿತು. ಪ್ಲಾಸ್ಮಾದ ಪ್ರತಿಕಾಯಗಳು ಕರಗುತ್ತಿದ್ದಂತೆ ಅದು ಹಿಂದೆ ಸರಿಯಿತು, ಮತ್ತೆ ಪ್ಲಾಸ್ಮಾ ಕೊಟ್ಟಾಗ ಮತ್ತೆ ತಲೆಯೆತ್ತಿತು. ರೋಗಿ ಉಳಿಯಲಿಲ್ಲ. ಸ್ಪೈಕ್‌ನ ಅದೇ ಎರಡು ಕೊಂಡಿಗಳು ಆಲ್ಫಾ ತಳಿಯಲ್ಲೂ ಕಾಣೆಯಾಗಿದ್ದವು. ಅಮೆರಿಕದ ಬಾಸ್ಟನ್‌ನಲ್ಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಪಡೆಯುತ್ತಿದ್ದ ಇನ್ನೊಬ್ಬ ರೋಗಿಯಲ್ಲೂ ಐದು ತಿಂಗಳ ಸೋಂಕಿನಲ್ಲಿ ವೈರಸ್ ಹೀಗೆಯೇ ವೇಗವಾಗಿ ಬದಲಾಯಿತು.

ತಳಿ ತಯಾರಾಗಲು ಬೇಕಾದ ಮೂರೂ ಇಲ್ಲಿ ಕಾಣುತ್ತವೆ: ಅಪಾರ ಸಂಖ್ಯೆಯ ವೈರಸ್, ಅರೆಬರೆ ಪ್ರತಿಕಾಯ, ಬೇಕಾದಷ್ಟು ಸಮಯ. ಆರೋಗ್ಯವಂತರು ಲಸಿಕೆ ಪಡೆದಾಗ ಈ ಮೂರೂ ಒಟ್ಟಿಗೆ ಕೂಡಿಬರುವುದು ಕಷ್ಟ. ವೈರಸ್ ಒಳಬರುವ ಮೊದಲೇ ಪ್ರತಿಕಾಯ ಸಿದ್ಧವಾಗಿರುತ್ತದೆ, ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳೂ ತಯಾರಿರುತ್ತವೆ. ಡೆಲ್ಟಾ ಕಾಲದ ಅಧ್ಯಯನಗಳಲ್ಲಿ ಸೋಂಕಿನ ಆರಂಭದಲ್ಲಿ ವೈರಸ್ ಪ್ರಮಾಣ ಲಸಿಕೆ ಪಡೆದವರಲ್ಲೂ ಪಡೆಯದವರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು, ಇದನ್ನು ಮುಚ್ಚಿಡಬೇಕಿಲ್ಲ. ವ್ಯತ್ಯಾಸ ಕಂಡದ್ದು ಆಮೇಲೆ: ಲಸಿಕೆ ಪಡೆದವರಲ್ಲಿ ಅದು ಬೇಗ ಇಳಿಯಿತು.

2021ರ ಏಪ್ರಿಲ್, ಮೇನಲ್ಲಿ ಪ್ಲಾಸ್ಮಾಕ್ಕಾಗಿ ಊರೂರು ಅಲೆದ ಕುಟುಂಬಗಳನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಅದರಿಂದ ಸಾವು ತಗ್ಗುವುದಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗವೇ 2020ರಲ್ಲಿ ತೋರಿಸಿತ್ತು. ಚಿಕಿತ್ಸಾ ಮಾರ್ಗಸೂಚಿಯಿಂದ ಅದನ್ನು ಕೈಬಿಟ್ಟದ್ದು 2021ರ ಮೇ 17ರಂದು. ರೂಪಾಂತರಿಗಳ ಬಗ್ಗೆ ನಿಜವಾಗಿ ಆತಂಕಪಟ್ಟವರು ಅಂದು ಪ್ರಶ್ನಿಸಬೇಕಿದ್ದದ್ದು ಅರೆಬರೆ ಪ್ರತಿಕಾಯ ಕೊಡುವ ಈ ಪ್ಲಾಸ್ಮಾ ಬಳಕೆಯನ್ನು.

ಹಂತ 4: ಕೋಳಿಗಳ ಉದಾಹರಣೆ ಬಂದರೆ ಹೀಗೆ ನೋಡಿ

ವಾದ ಬಿಗಿಯಾದಾಗ ಎದುರಿನವರು ಮಾರೆಕ್ಸ್ ರೋಗದ ಹೆಸರು ತೆಗೆಯುತ್ತಾರೆ. ಅವರ ಕೈಯಲ್ಲಿರುವ ಅತಿ ಗಟ್ಟಿ ಆಧಾರ ಇದು. ಕೋಳಿಗಳ ಈ ರೋಗಕ್ಕೆ 1970ರ ದಶಕದಿಂದ ಲಸಿಕೆಯಿದೆ. ಅದು ಕೋಳಿಯನ್ನು ಸಾವಿನಿಂದ ಕಾಪಾಡುತ್ತದೆ, ವೈರಸ್ ಹರಡುವುದನ್ನು ಮಾತ್ರ ತಡೆಯುವುದಿಲ್ಲ. ಮೊದಲಾದರೆ ಅತಿ ಮಾರಕ ತಳಿ ತಗುಲಿದ ಕೋಳಿ ಬೇಗ ಸತ್ತು, ಅದರ ಜತೆಗೆ ಆ ತಳಿಯೂ ಅಳಿಯುತ್ತಿತ್ತು. ಲಸಿಕೆ ಬಂದ ಮೇಲೆ ಕೋಳಿ ವಾರಗಟ್ಟಲೆ ಬದುಕಿ ಅದನ್ನು ಹರಡಿತು. 2015ರಲ್ಲಿ ವಿಜ್ಞಾನಿ ಆಂಡ್ರ್ಯೂ ರೀಡ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ಇದನ್ನು ತೋರಿಸಿದರು.

ಹಾಗಾದರೆ ಕೊರೊನಾಕ್ಕೂ ಇದು ಅನ್ವಯಿಸುತ್ತದೆಯೇ? ಅನ್ವಯಿಸಬೇಕಾದರೆ ಲಸಿಕೆ ಇಲ್ಲದ ಕಾಲದಲ್ಲಿ ರೋಗಿಯ ಸಾವು ವೈರಸ್ಸಿನ ಹರಡುವಿಕೆಯನ್ನು ತಡೆಯುತ್ತಿರಬೇಕಿತ್ತು. ಕೊರೊನಾ ಹರಡುವುದು ಮೊದಲ ಕೆಲವು ದಿನಗಳಲ್ಲಿ, ಎಷ್ಟೋ ಸಲ ಲಕ್ಷಣ ಕಾಣುವ ಮೊದಲೇ. ಸಾವು ಬರುವುದು ವಾರಗಳ ನಂತರ, ಆ ಹೊತ್ತಿಗೆ ವೈರಸ್ ಬೇರೆಯವರಿಗೆ ದಾಟಿಯಾಗಿರುತ್ತದೆ. ಇನ್ನೊಂದನ್ನೂ ಗಮನಿಸಿ: ಮಾರೆಕ್ಸ್ ರೋಗದಲ್ಲೂ ಆ ಮಾರಕ ತಳಿಗಳಿಗೆ ಬಲಿಯಾಗುವುದು ಲಸಿಕೆ ಪಡೆಯದ ಕೋಳಿಗಳು.

ಹಂತ 5: ಅದು ಯಾವ ಬಗೆಯ ಲಸಿಕೆ ಎಂದು ಕೇಳಿ

ಕೋವ್ಯಾಕ್ಸಿನ್‌ನಲ್ಲಿರುವುದು ಕೊಂದ ವೈರಸ್. ಕೋವಿಶೀಲ್ಡ್‌ನಲ್ಲಿರುವುದು ದೇಹದಲ್ಲಿ ವೃದ್ಧಿಯಾಗದಂತೆ ಮಾಡಿದ ಬೇರೆಯೇ ವೈರಸ್, ಅದು ಸ್ಪೈಕ್ ಪ್ರೋಟೀನ್‌ನ ಸೂಚನೆಯನ್ನಷ್ಟೇ ಹೊತ್ತು ತರುತ್ತದೆ. ಎರಡರಲ್ಲೂ ನಕಲಾಗಬಲ್ಲ ಕೊರೊನಾ ವೈರಸ್ ಇಲ್ಲ. ನಕಲಾಗದ್ದು ರೂಪಾಂತರಗೊಳ್ಳಲಾರದು.

ಪೋಲಿಯೊ ಹನಿಯ ವಿಷಯ ಹಾಗಲ್ಲ. ಅದರಲ್ಲಿ ಜೀವಂತ, ದುರ್ಬಲಗೊಳಿಸಿದ ವೈರಸ್ ಇದೆ. ಮಗುವಿನ ಕರುಳಿನಲ್ಲಿ ಅದು ಬೆಳೆದು ಮಲದ ಮೂಲಕ ಹೊರಬರುತ್ತದೆ. ಸುತ್ತಲಿನ ಮಕ್ಕಳಲ್ಲಿ ಬಹಳಷ್ಟು ಮಂದಿ ಹನಿ ಹಾಕಿಸಿಕೊಳ್ಳದಿದ್ದರೆ ಅದು ಒಬ್ಬರಿಂದೊಬ್ಬರಿಗೆ ದಾಟುತ್ತಾ, ತಿಂಗಳುಗಟ್ಟಲೆ ಬದಲಾಗುತ್ತಾ, ಕಡೆಗೆ ಪಾರ್ಶ್ವವಾಯು ತರುವ ಶಕ್ತಿಯನ್ನು ಮರಳಿ ಪಡೆಯಬಹುದು. ಇದು ನಿಜವಾಗಿಯೂ ಆಗಿದೆ, ಅದರಲ್ಲೂ ಪೋಲಿಯೊ ವೈರಸ್ಸಿನ ಮೂರು ಬಗೆಗಳಲ್ಲಿ ಒಂದಾದ ಟೈಪ್ 2ರಲ್ಲಿ. ಅದಕ್ಕಾಗಿಯೇ 2016ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಹನಿಯಿಂದ ಟೈಪ್ 2 ಅನ್ನು ತೆಗೆಯಲಾಯಿತು. 2021ರಿಂದ, ಸುಲಭವಾಗಿ ಹಿಂದಿನ ರೂಪಕ್ಕೆ ಮರಳದಂತೆ ತಿದ್ದಿದ ಹೊಸ ಟೈಪ್ 2 ಹನಿಯನ್ನು ಇಂಥ ಸೋಂಕು ಕಂಡ ದೇಶಗಳಲ್ಲಿ ಬಳಸಲಾಗುತ್ತಿದೆ. ಲಸಿಕೆಯ ವೈರಸ್ಸೇ ಬದಲಾಗುವ ಈ ಪ್ರಸಂಗದಲ್ಲೂ ಅಪಾಯ ಎದ್ದದ್ದು ಲಸಿಕೆ ಕಡಿಮೆ ತಲುಪಿದ ಊರುಗಳಲ್ಲಿ.

ಹಂತ 6: ಹಳೆಯ ಲಸಿಕೆಗಳ ಚರಿತ್ರೆ ನೋಡಿ

ದಡಾರದ ಲಸಿಕೆ 1963ರಿಂದ ಬಳಕೆಯಲ್ಲಿದೆ. ದಡಾರದ ವೈರಸ್ ಕೂಡ ಆರ್‌ಎನ್‌ಎ ವೈರಸ್ಸೇ, ತಪ್ಪುಗಳನ್ನೂ ಮಾಡುತ್ತದೆ; ಆದರೂ ಅರವತ್ತು ವರ್ಷದಲ್ಲಿ ಅದಕ್ಕೆ ಲಸಿಕೆಯಿಂದ ತಪ್ಪಿಸಿಕೊಳ್ಳಲಾಗಿಲ್ಲ. ಹೆಪಟೈಟಿಸ್ ಬಿ ವೈರಸ್ಸಿನಲ್ಲಿ ಲಸಿಕೆಯನ್ನು ತಪ್ಪಿಸಿಕೊಳ್ಳುವ ಒಂದು ರೂಪಾಂತರ 1990ರಲ್ಲೇ ಇಟಲಿಯಲ್ಲಿ ಪತ್ತೆಯಾಗಿತ್ತು, ಅದು ಲೋಕವನ್ನು ಆವರಿಸಲಿಲ್ಲ. ಫ್ಲೂ ಮಾತ್ರ ವರ್ಷವರ್ಷವೂ ಬದಲಾಗುತ್ತದೆ, ಫ್ಲೂ ಲಸಿಕೆಯನ್ನೇ ಕಾಣದ ನಾಡುಗಳಲ್ಲೂ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ ಲಸಿಕೆಯ ತಳಿಗಳನ್ನು ಪರಿಷ್ಕರಿಸುವುದು ಅದಕ್ಕಾಗಿ.

ಹಂತ 7: ಮನೆಯಲ್ಲಿ ಮಾಡಬೇಕಾದದ್ದು

ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಮೂತ್ರಪಿಂಡದ ಕಸಿ ಆದವರು, ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದ್ದರೆ ಮೊದಲ ಗಮನ ಅವರ ಕಡೆಗಿರಲಿ. ಅವರಿಗೆ ಯಾವ ಲಸಿಕೆ, ಯಾವಾಗ ಎಂದು ಚಿಕಿತ್ಸೆ ಕೊಡುವ ವೈದ್ಯರನ್ನೇ ಕೇಳಿ, ಕೆಲವು ಜೀವಂತ ಲಸಿಕೆಗಳು ಅವರಿಗೆ ಆಗುವುದಿಲ್ಲ. ಅವರ ಜತೆಗಿರುವ ಉಳಿದವರು ತಮ್ಮ ಡೋಸ್‌ಗಳನ್ನು ಪೂರೈಸಿಕೊಳ್ಳಲಿ, ಜ್ವರ ಕೆಮ್ಮು ಬಂದಾಗ ಮಾಸ್ಕ್ ಹಾಕಿಕೊಂಡು ದೂರವಿರಲಿ. ರೋಗನಿರೋಧಕ ಶಕ್ತಿ ಕುಗ್ಗಿದ ಆ ರೋಗಿಗಳಿಗೇ ಸೋಂಕು ತಗುಲಿ ವಾರ ಕಳೆದರೂ ಇಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ಆಮೇಲೆ ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ. ಪೋಲಿಯೊ ಹನಿ ಹುಟ್ಟಿದಾಗ, 6, 10 ಮತ್ತು 14ನೇ ವಾರದಲ್ಲಿ, ಮತ್ತೆ 16ರಿಂದ 24 ತಿಂಗಳೊಳಗೆ ಬಿದ್ದಿರಬೇಕು. ಕೊಂದ ವೈರಸ್ಸಿನ ಪೋಲಿಯೊ ಚುಚ್ಚುಮದ್ದು 6ನೇ ವಾರ, 14ನೇ ವಾರ ಮತ್ತು 9ನೇ ತಿಂಗಳಲ್ಲಿ. 9ನೇ ತಿಂಗಳಿನದು 2023ರಿಂದ ಸೇರಿದ್ದು, ಹಳೆಯ ಕಾರ್ಡ್‌ಗಳಲ್ಲಿ ಅದರ ಕಾಲಂ ಇರುವುದಿಲ್ಲ. ದಡಾರ–ರುಬೆಲ್ಲಾ ಲಸಿಕೆ ಎರಡು ಸಲ: 9 ತಿಂಗಳು ತುಂಬಿದ ಮೇಲೊಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. ಯಾವುದಾದರೂ ಕಾಲಂ ಖಾಲಿ ಕಂಡರೆ ಆಶಾ ಕಾರ್ಯಕರ್ತೆಗೆ ತೋರಿಸಿ. ದಿನ ತಪ್ಪಿತೆಂದು ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟುಹೋದ ಡೋಸ್‌ನಿಂದಲೇ ಮುಂದುವರಿಸುತ್ತಾರೆ.